ಸುಳಿವು ಓದುಗರ ಕಣ್ಣೆದುರಿಗೇ ಇರಲಿ

ಸಂಪಾದಕರಿಗೆ,

ಮಾನ್ಯರೇ,

ವಾರದ ಪುರವಣಿಗಳಲ್ಲಿ ಪತ್ತೇದಾರಿ ಕಾದಂಬರಿಗೆ ವಿಮರ್ಶೆ ಬರುವುದೇ ಅಪರೂಪ. ಬಂದರೂ ಮುಕ್ಕಾಲು ಪಾಲು ಕಥಾಸಾರಕ್ಕೆ ಹೋಗಿ, ಕೊನೆಗೆ ‘ಕುತೂಹಲದಿಂದ ಓದಿಸಿಕೊಂಡು ಹೋಗುತ್ತದೆ’ ಎಂಬ ಒಂದು ಸಾಲು ಉಳಿಯುತ್ತದೆ. ಕೋಜಿ ಮಿಸ್ಟರಿ ಎಂಬ ಬಗೆಗಂತೂ ಆ ಸಾಲೂ ದಕ್ಕುವುದಿಲ್ಲ. ಅದರಲ್ಲಿ ರಕ್ತಪಾತದ ವರ್ಣನೆಯಿಲ್ಲ, ಬೆನ್ನಟ್ಟುವ ದೃಶ್ಯವಿಲ್ಲ, ತನಿಖೆಗೆ ಇಳಿಯುವವರು ಗ್ರಂಥಪಾಲಕಿಯೋ ನಿವೃತ್ತ ಮೇಷ್ಟರೋ ಆಗಿರುತ್ತಾರೆ. ಹಾಗಾಗಿ ಹಗುರ ಓದು ಎಂಬ ತೀರ್ಮಾನ. ಆದರೆ ಭಯ, ಕ್ರೌರ್ಯಗಳ ನೆರವಿಲ್ಲದೆ ಅರವತ್ತು ಎಪ್ಪತ್ತು ಸಾವಿರ ಪದಗಳವರೆಗೆ ಓದುಗರನ್ನು ಹಿಡಿದು ಕೂರಿಸಬೇಕಾದ ಲೇಖಕರ ಕೈಯಲ್ಲಿ ಉಳಿಯುವ ಗಟ್ಟಿ ಸಾಧನವೆಂದರೆ ಸುಳಿವು. ಅದನ್ನು ಎಲ್ಲಿ ಇಟ್ಟಿದ್ದಾರೆ, ನ್ಯಾಯವಾಗಿ ಇಟ್ಟಿದ್ದಾರೆಯೇ ಎಂದು ನೋಡದ ವಿಮರ್ಶೆ ಈ ಪ್ರಕಾರದ ಹೊಸಿಲನ್ನೂ ದಾಟಿರುವುದಿಲ್ಲ.

ನ್ಯಾಯದ ಈ ಮಾತು ಹೊಸದಲ್ಲ. 1928ರಲ್ಲಿ ಅಮೆರಿಕದ ಕಾದಂಬರಿಕಾರ ಎಸ್. ಎಸ್. ವ್ಯಾನ್ ಡೈನ್ ಪತ್ತೇದಾರಿ ಕಥೆಗೆ ಇಪ್ಪತ್ತು ನಿಯಮಗಳನ್ನು ಬರೆದರು. ಮರುವರ್ಷ ಪಾದ್ರಿಯೂ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ ಹತ್ತು ಕಟ್ಟಳೆಗಳನ್ನು ಹಾಕಿದರು. 1930ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ, ಪತ್ತೇದಾರಿ ಲೇಖಕರ ಕೂಟವಾದ ಡಿಟೆಕ್ಷನ್ ಕ್ಲಬ್ ಹೊಸ ಸದಸ್ಯರಿಂದ ಪ್ರಮಾಣವಚನವನ್ನೇ ತೆಗೆದುಕೊಳ್ಳುತ್ತಿತ್ತು. ಆ ನಿಯಮಗಳಲ್ಲಿ ಹಲವು ಇಂದು ಹಳತಾಗಿವೆ. ಒಂದು ಮಾತ್ರ ಅಲುಗಿಲ್ಲ: ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗರಿಗೂ ಸಿಕ್ಕಿರಬೇಕು. ಕೊನೆಯ ಅಧ್ಯಾಯದಲ್ಲಿ ‘ನಿನ್ನೆ ನನಗೊಂದು ಪತ್ರ ಬಂತು’ ಎಂದು ಜೇಬಿನಿಂದ ಕಾಗದ ತೆಗೆದರೆ ಅಲ್ಲಿಯವರೆಗಿನ ಓದೆಲ್ಲ ನೀರುಪಾಲು. ಅಪರಾಧಿ ಪುಸ್ತಕದ ನಡುಭಾಗ ದಾಟಿದ ಮೇಲೆ ಮೊದಲ ಬಾರಿ ಕಾಣಿಸಿಕೊಂಡರೂ ಅದೇ ಗತಿ.

ಸುಳಿವನ್ನು ಎದುರಿಗಿಟ್ಟೂ ಕಾಣದಂತೆ ಮಾಡುವುದೇ ಇಲ್ಲಿನ ಕಸುಬು. ಮೇಜಿನ ಮೇಲಿದ್ದ ಏಳು ವಸ್ತುಗಳನ್ನು ಹೇಳುವಾಗ ಬೇಕಾದದ್ದನ್ನು ನಾಲ್ಕನೆಯದೋ ಐದನೆಯದೋ ಆಗಿ ಇಡುತ್ತಾರೆ, ಏಕೆಂದರೆ ಪಟ್ಟಿಯ ಮೊದಲನೆಯದೂ ಕೊನೆಯದೂ ನೆನಪಿನಲ್ಲಿ ನಿಲ್ಲುತ್ತವೆ, ನಡುವಿನದು ಜಾರುತ್ತದೆ. ಸುಳಿವಿನ ಸಾಲು ಮುಗಿದೊಡನೆ ಯಾರೋ ಜಗಳ ತೆಗೆಯುತ್ತಾರೆ ಅಥವಾ ಫೋನು ಬಡಿದುಕೊಳ್ಳುತ್ತದೆ. ಓದುಗರ ಗಮನ ಆ ಕಡೆ ಓಡುತ್ತದೆ. ಇನ್ನೂ ನಾಜೂಕಾದ ವಿಧಾನವೆಂದರೆ ಸುಳಿವನ್ನು ಎರಡು ತುಂಡು ಮಾಡಿ, ಮೂರನೆಯ ಅಧ್ಯಾಯದಲ್ಲಿ ಒಂದು, ಹನ್ನೊಂದರಲ್ಲಿ ಇನ್ನೊಂದು ಬಿತ್ತುವುದು. ಬಿಡಿಬಿಡಿಯಾಗಿ ಎರಡಕ್ಕೂ ಅರ್ಥವಿಲ್ಲ. ಎಲ್ಲಕ್ಕಿಂತ ಕಠಿಣವಾದದ್ದು, ಸುಳಿವನ್ನು ಎಲ್ಲರೂ ನೋಡುವಂತೆ ಎತ್ತಿ ಹಿಡಿದು ಅದಕ್ಕೊಂದು ತಪ್ಪು ಅರ್ಥ ಕೊಡುವುದು. ಆ ತಪ್ಪು ಅರ್ಥವೂ ಸಹಜವೆನಿಸಬೇಕು, ಬಿಡಿಸಿದಾಗ ನಿಜವಾದ ಅರ್ಥ ಅದಕ್ಕಿಂತ ಸಹಜವೆನಿಸಬೇಕು. ಹಾದಿ ತಪ್ಪಿಸುವ ಸುಳಿವುಗಳಿಗೂ ಇದೇ ಮಾತು. ಕಥೆ ಮುಗಿಯುವಾಗ ಪ್ರತಿಯೊಂದಕ್ಕೂ ಲೆಕ್ಕ ಸಿಗಬೇಕು. ರಾತ್ರಿ ತೋಟದಲ್ಲಿ ಓಡಾಡಿದವನು ಅಪರಾಧಿಯಲ್ಲವೆಂದರೆ ಮತ್ತೇಕೆ ಓಡಾಡುತ್ತಿದ್ದ? ಅದನ್ನು ಹೇಳದೆ ಕೈಬಿಟ್ಟ ಕಾದಂಬರಿ ಮೋಸ ಮಾಡಿದೆ ಎಂದೇ ವಿಮರ್ಶಕರು ಬರೆಯಬೇಕು.

ಇಂಥ ಕಥೆಗೆ ಚಿತ್ರಕಾರರ ಕೋಣೆಯಷ್ಟು ಫಲವತ್ತಾದ ನೆಲ ಇನ್ನೊಂದಿಲ್ಲ. ಇಂಗ್ಲೆಂಡಿನ ಲೇಖಕಿ ಡೊರತಿ ಸೇಯರ್ಸ್ 1931ರಲ್ಲಿ ಸ್ಕಾಟ್ಲೆಂಡಿನ ಚಿತ್ರಕಾರರ ಬಳಗವೊಂದರ ನಡುವೆ ಆರು ಶಂಕಿತರನ್ನಿಟ್ಟು ಕಾದಂಬರಿ ಬರೆದರು. ಶವದ ಬಳಿ ಇರಬೇಕಾದ ಒಂದು ವಸ್ತು ಇಲ್ಲವೆಂದು ಪತ್ತೇದಾರನಿಗೆ ಹೊಳೆಯುವಲ್ಲಿ ಲೇಖಕಿ ಕಥೆಯನ್ನು ಕ್ಷಣ ನಿಲ್ಲಿಸಿ, ಅದು ಯಾವುದೆಂದು ಜಾಣ ಓದುಗರೇ ತಿಳಿದುಕೊಳ್ಳಬಲ್ಲರು ಎಂದು ಬಿಟ್ಟುಬಿಡುತ್ತಾರೆ. ಬಣ್ಣದ ಕೆಲಸ ಬಲ್ಲವರಿಗೆ ಅದು ಥಟ್ಟನೆ ತಿಳಿಯುತ್ತದೆ. (ಓದದವರ ಸುಖ ಕೆಡಿಸಬಾರದೆಂದು ಅದನ್ನಿಲ್ಲಿ ಹೇಳುತ್ತಿಲ್ಲ.) ನ್ಯೂಜಿಲೆಂಡಿನ ನಾಯೊ ಮಾರ್ಶ್ ಸ್ವತಃ ಚಿತ್ರಕಲೆ ಕಲಿತವರು, 1938ರ ಅವರ ಕಾದಂಬರಿಯೊಂದರಲ್ಲಿ ಕೊಲೆ ನಡೆಯುವುದೇ ರೂಪದರ್ಶಿಯನ್ನು ಕೂರಿಸಿಕೊಂಡು ಚಿತ್ರ ಬರೆಯುವ ತರಗತಿಯಲ್ಲಿ. ಇಬ್ಬರಿಗೂ ವಸ್ತುಗಳ ಗುಣ ಗೊತ್ತಿತ್ತು. ಹಾಗಾಗಿಯೇ ಸುಳಿವು ಗಟ್ಟಿಯಾಗಿ ನಿಂತಿದೆ.

ತೈಲವರ್ಣದ ಒಣಗುವಿಕೆಯನ್ನೇ ನೋಡಿ. ಅದು ನೀರಿನಂತೆ ಆರಿಹೋಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಮ್ಯಾಂಗನೀಸ್ ಇರುವ ಬರ್ನ್ಟ್ ಅಂಬರ್ ಎಂಬ ಕಂದು ಬಣ್ಣ ತೆಳುವಾಗಿ ಹಚ್ಚಿದರೆ ಒಂದೆರಡು ದಿನದಲ್ಲಿ ಕೈಗೆ ಅಂಟದಂತಾಗುತ್ತದೆ. ಐವರಿ ಬ್ಲ್ಯಾಕ್ ಎಂಬ ಕಪ್ಪು ವಾರ ಹಿಡಿಯಬಹುದು. ಸೀಸದ ಬಿಳಿ ಬೇಗ, ಟೈಟಾನಿಯಂ ಬಿಳಿ ನಿಧಾನ. ಅಂದಮೇಲೆ ಒಂದೇ ಕ್ಯಾನ್ವಾಸಿನ ಮೇಲೆ ಕಂದು ಒಣಗಿ ಕಪ್ಪು ಹಸಿಯಾಗಿದ್ದರೆ ಚಿತ್ರ ಯಾವಾಗ ಬರೆದದ್ದು ಎಂಬುದಕ್ಕೆ ಅದೇ ಗಡಿಯಾರ. ಕಾದಂಬರಿಗಳಲ್ಲಿ ತಪ್ಪು ನುಸುಳುವುದೂ ಇಲ್ಲಿಯೇ: ಸಂಜೆ ದಪ್ಪಗೆ ಮೆತ್ತಿದ ತೈಲವರ್ಣದ ಭಾವಚಿತ್ರಕ್ಕೆ ಮರುದಿನ ಬೆಳಿಗ್ಗೆ ವಾರ್ನಿಷ್ ಬಳಿದು, ಚೌಕಟ್ಟು ಹಾಕಿ, ಗೋಡೆಗೆ ತೂಗುಹಾಕಿರುತ್ತಾರೆ. ರೂಢಿಯಲ್ಲಿ ವಾರ್ನಿಷ್‌ಗೆ ಆರು ತಿಂಗಳಿಂದ ಒಂದು ವರ್ಷ ಕಾಯಬೇಕು. ಇನ್ನು ಬೆಂಕಿ. ಅಗಸೆ ಎಣ್ಣೆ ಕುಡಿದ ಬಟ್ಟೆಯನ್ನು ಮುದ್ದೆಮಾಡಿ ಮೂಲೆಗೆ ಎಸೆದರೆ ಕೆಲವೇ ಗಂಟೆಗಳಲ್ಲಿ ತಾನಾಗಿ ಹೊತ್ತಿಕೊಳ್ಳಬಹುದು, ಒಣಗುವಾಗ ಹುಟ್ಟುವ ಶಾಖ ಹೊರಹೋಗಲು ದಾರಿಯಿಲ್ಲದೆ. ಅದೇ ಬಟ್ಟೆಯನ್ನು ಬಿಡಿಸಿ ಹರವಿದರೆ ಹೊತ್ತುವುದಿಲ್ಲ. ಬಟ್ಟೆ ಮುದ್ದೆಯಾಗಿತ್ತೋ ಹರವಿತ್ತೋ ಎಂಬ ಒಂದು ವಿವರದಿಂದ ಆಕಸ್ಮಿಕವನ್ನೂ ಸಂಚನ್ನೂ ಬೇರ್ಪಡಿಸಬಹುದಾದರೆ ಲೇಖಕರಿಗೆ ಇನ್ನೇನು ಬೇಕು!

ನಕಲಿ ಚಿತ್ರದ ಕಥೆಗಳಲ್ಲಿ ವರ್ಣದ್ರವ್ಯಗಳ ಇಸವಿಯೇ ಸಾಕ್ಷಿ. ಪ್ರಷ್ಯನ್ ಬ್ಲೂ ಹುಟ್ಟಿದ್ದು 18ನೇ ಶತಮಾನದ ಮೊದಲ ದಶಕದಲ್ಲಿ, ಬರ್ಲಿನ್ನಿನಲ್ಲಿ. ಬಣ್ಣ ಹಿಂಡುವ ತವರದ ಟ್ಯೂಬಿಗೆ ಪೇಟೆಂಟ್ ಸಿಕ್ಕಿದ್ದು 1841ರಲ್ಲಿ. ಟೈಟಾನಿಯಂ ಬಿಳಿ ಕಲಾವಿದರ ಕೈಗೆ ಬಂದದ್ದು 1920ರ ದಶಕದಲ್ಲಿ. ನಕಲಿ ಚಿತ್ರ ಬರೆಯುತ್ತಿದ್ದ ಜರ್ಮನಿಯ ವುಲ್ಫ್‌ಗಾಂಗ್ ಬೆಲ್ಟ್ರಾಕಿ ಸಿಕ್ಕಿಬಿದ್ದದ್ದು ಇದರಿಂದಲೇ. 1914ರದೆಂದು ಮಾರಿದ ಚಿತ್ರದಲ್ಲಿ ಪ್ರಯೋಗಾಲಯಕ್ಕೆ ಟೈಟಾನಿಯಂ ಬಿಳಿ ಸಿಕ್ಕಿತು. 2011ರಲ್ಲಿ ಅವನಿಗೆ ಆರು ವರ್ಷಗಳ ಶಿಕ್ಷೆಯಾಯಿತು. ಅವನಿಗಿಂತ ಮುಂಚೆ 17ನೇ ಶತಮಾನದ ಡಚ್ ಚಿತ್ರಕಾರ ವರ್ಮೀರ್‌ನ ಹೆಸರಿನಲ್ಲಿ ಚಿತ್ರ ಬರೆದ ಹಾನ್ ವಾನ್ ಮೀಗರೆನ್ ಹೆಚ್ಚು ಎಚ್ಚರಿಕೆಯವನು. ಹೊಸ ತೈಲವರ್ಣ ಆಲ್ಕೋಹಾಲಿಗೆ ಕರಗುತ್ತದೆ, ಶತಮಾನ ಕಂಡದ್ದು ಕರಗುವುದಿಲ್ಲ ಎಂಬುದನ್ನು ಅರಿತು, ಬಣ್ಣಕ್ಕೆ ಫೀನಾಲ್ ಫಾರ್ಮಾಲ್ಡಿಹೈಡ್ ರಾಳ ಬೆರೆಸಿ ಕ್ಯಾನ್ವಾಸನ್ನು ಒಲೆಯಲ್ಲಿ ಬೇಯಿಸುತ್ತಿದ್ದ. ಆದರೂ ಅವನ ಒಂದು ಚಿತ್ರದಲ್ಲಿ ಕೋಬಾಲ್ಟ್ ಬ್ಲೂ ಸಿಕ್ಕಿತು. ಅದು 19ನೇ ಶತಮಾನದ ಬಣ್ಣ, ವರ್ಮೀರ್ ತೀರಿಕೊಂಡದ್ದು 1675ರಲ್ಲಿ. ಕಾದಂಬರಿಕಾರರು ಈ ಜ್ಞಾನವನ್ನು ಕೊನೆಯಲ್ಲಿ ಪ್ರಯೋಗಾಲಯದ ವರದಿಯಾಗಿ ಸುರಿದರೆ ಅದು ಅನ್ಯಾಯದ ಸುಳಿವು. ನಾಲ್ಕನೆಯ ಅಧ್ಯಾಯದಲ್ಲಿ ಅಂಗಡಿಯಾತ ಬಿಳಿಯ ಟ್ಯೂಬುಗಳ ಚರಿತ್ರೆಯನ್ನು ಬಾಯಿಬಡುಕನಾಗಿ ಹೇಳುತ್ತಿದ್ದು, ನಾವು ಬೇಸರದಿಂದ ಪುಟ ತಿರುವಿದ್ದರೆ, ಅದು ನ್ಯಾಯ.

ಲೇಖಕರ ದಿನಚರಿಯ ಬಗ್ಗೆಯೂ ಪುರವಣಿಗಳಲ್ಲಿ ಸ್ಫೂರ್ತಿ, ಏಕಾಂತ, ಕಾಫಿ ಎಂದಷ್ಟೇ ಬರುತ್ತದೆ. ಪತ್ತೇದಾರಿ ಬರೆಯುವವರ ಮೇಜಿನ ಮೇಲೆ ನಿಜವಾಗಿ ಇರುವುದು ಒಂದು ವೇಳಾಪಟ್ಟಿ. ಎಡಕ್ಕೆ ಗಂಟೆಗಳು, ಮೇಲೆ ಐದಾರು ಶಂಕಿತರ ಹೆಸರು. ಪಟ್ಟಿಯ ಪ್ರತಿ ಚೌಕದಲ್ಲೂ ಎರಡು ಸಾಲು, ನಿಜವಾಗಿ ಎಲ್ಲಿದ್ದರು, ಎಲ್ಲಿದ್ದೆವೆಂದು ಹೇಳಿದರು. ಕಥೆಯನ್ನು ಕೊನೆಯಿಂದ ಹಿಂದಕ್ಕೆ ಕಟ್ಟುವುದೇ ಹೆಚ್ಚು ಕ್ಷೇಮ. ಅಪರಾಧ ಹೇಗಾಯಿತು, ಯಾವ ಗುರುತು ಉಳಿಯಿತು, ಅದು ಯಾರ ಕಣ್ಣಿಗೆ ಬಿತ್ತು ಎಂಬುದು ನಿಶ್ಚಯವಾದ ಮೇಲೆ ಮೊದಲ ಅಧ್ಯಾಯ. ದಿನಕ್ಕೆ 500 ಪದ ಬರೆದರೂ 70 ಸಾವಿರ ಪದಕ್ಕೆ 140 ದಿನ ಬೇಕು. ನಡುವೆ ಅಪರಾಧಿಯನ್ನು ಬದಲಿಸಿದರೆ ಬಿತ್ತಿದ ಸುಳಿವನ್ನೆಲ್ಲ ಹಿಂದೆ ಹೋಗಿ ಕೀಳಬೇಕು, ಒಂದೆರಡು ಉಳಿದೇ ಹೋಗುತ್ತವೆ. ಅಗಾಥಾ ಕ್ರಿಸ್ಟಿಯವರ 73 ಟಿಪ್ಪಣಿ ಪುಸ್ತಕಗಳು ಉಳಿದಿವೆ. ಅವುಗಳಲ್ಲಿ ಕೊಲೆಯ ಯೋಜನೆಗಳ ಜೊತೆಗೆ ಮನೆವಾರ್ತೆಯ ಪಟ್ಟಿಗಳೂ ಇವೆ. ಮೊದಲ ಮಹಾಯುದ್ಧದ ಕಾಲದಲ್ಲಿ ಆಸ್ಪತ್ರೆಯ ಔಷಧಾಲಯದಲ್ಲಿ ಮಾಡಿದ ಕೆಲಸ ಅವರ ವಿಷಪ್ರಯೋಗಗಳಿಗೆಲ್ಲ ಬುನಾದಿಯಾಯಿತು. ಆ ಅನುಭವವಿಲ್ಲದವರು ಕೇಳಿಯಾದರೂ ಬರೆಯಬೇಕು. ದೇಹ ಸೆಟೆಯಲು ತೊಡಗುವುದು ಸುಮಾರು ಎರಡರಿಂದ ನಾಲ್ಕು ಗಂಟೆಯ ಮೇಲೆ, ಸೆಕೆಯಿದ್ದರೆ ಇನ್ನೂ ಬೇಗ. ಹೀಗಿರುವಾಗ ‘ಸಾವು 10 ಗಂಟೆ 20 ನಿಮಿಷಕ್ಕೆ ಆಗಿದೆ’ ಎಂದು ದೇಹ ಮುಟ್ಟಿ ಹೇಳುವ ವೈದ್ಯರು ಕಥೆಯನ್ನೇ ಕೆಡಿಸುತ್ತಾರೆ.

ಆದ್ದರಿಂದ ಎರಡು ಕೋರಿಕೆಗಳು. ಪತ್ತೇದಾರಿಯ ವಿಮರ್ಶೆಯಲ್ಲಿ ಮೊದಲ ಮೂರನೇ ಒಂದು ಭಾಗದಾಚೆಗಿನ ಘಟನೆಗಳನ್ನು ಹೇಳದಿರಲಿ. ವಿಮರ್ಶಕರು ಮುಕ್ಕಾಲು ಪುಸ್ತಕ ಮುಗಿದಾಗ ಓದು ನಿಲ್ಲಿಸಿ, ತಮ್ಮ ಊಹೆಯನ್ನೂ ಅದಕ್ಕೆ ಆಧಾರವಾದ ಪುಟಸಂಖ್ಯೆಗಳನ್ನೂ ಬರೆದಿಟ್ಟು ಮುಂದುವರಿಯಲಿ. ಮುಗಿದ ಮೇಲೆ ಹಿಂತಿರುಗಿ ನೋಡಿದರೆ ನ್ಯಾಯ ಅನ್ಯಾಯ ತಾನಾಗಿ ಗೊತ್ತಾಗುತ್ತದೆ.

ಎರಡನೆಯದಾಗಿ, ಪತ್ರಿಕೆ ಇಂಥದೊಂದು ಧಾರಾವಾಹಿಯನ್ನು ಹನ್ನೆರಡು ವಾರಗಳ ಕಾಲ ಪ್ರಕಟಿಸಲಿ. ಕಂತಿಗೆ 1,200 ಪದ ಸಾಕು. ಹತ್ತನೆಯ ಕಂತಿಗೆ ಸುಳಿವುಗಳೆಲ್ಲ ಮುಗಿಯಲಿ, ಹನ್ನೊಂದನೆಯ ವಾರ ಓದುಗರ ಉತ್ತರಗಳಿಗೆ, ಹನ್ನೆರಡರಲ್ಲಿ ಪರಿಹಾರ. ಮೊದಲ ಕಂತು ಅಚ್ಚಾಗುವ ಮುನ್ನ ಪೂರ್ತಿ ಹಸ್ತಪ್ರತಿ ಕೈಯಲ್ಲಿರಬೇಕು. ಸುಳಿವಿನ ಸಾಲುಗಳನ್ನು ಗುರುತು ಹಾಕಿದ ಪ್ರತಿಯೊಂದನ್ನು ಉಪಸಂಪಾದಕರಿಗೆ ಕೊಟ್ಟಿರಬೇಕು. ಇಲ್ಲವಾದರೆ ಜಾಗ ಸಾಲದ ದಿನ ಮೊದಲು ಕತ್ತರಿಗೆ ಸಿಗುವುದು ಮುಖ್ಯವಲ್ಲದಂತೆ ಕಾಣುವ ಆ ಸಾಲೇ. ರೇಖಾಚಿತ್ರ ಬರೆಯುವ ಕಲಾವಿದರಿಗೂ ಇಡೀ ಕಥೆಯನ್ನು ಓದಲು ಕೊಡಿ. ಪಠ್ಯದಲ್ಲಿ ಎಡಗೈಯವನಾದ ಶಂಕಿತ ಚಿತ್ರದಲ್ಲಿ ಬಲಗೈಯಲ್ಲಿ ಕುಂಚ ಹಿಡಿದರೆ ಆ ವಾರವೇ ಓದುಗರ ಪತ್ರಗಳು ನಿಮ್ಮ ಕಚೇರಿಗೆ ಬಂದು ಬೀಳುತ್ತವೆ.

ಇಂತಿ,
ಪತ್ತೇದಾರಿ ಸಾಹಿತ್ಯದ ಓದುಗರ ಪರವಾಗಿ