ಸರೋವರದ ವಿಸ್ತೀರ್ಣದ ಜೊತೆ ತಿಂಗಳನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಚನ್ನಗಿರಿಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಮಕ್ಕಳಿಗೆ ಸಂಜೆ ಹೊತ್ತು ಭೂಗೋಳ ಹೇಳಿಕೊಡುತ್ತೇನೆ. ಕಳೆದ ವಾರ ಒಬ್ಬ ಹುಡುಗಿ ಎರಡು ಗೈಡ್ ತಂದು ನನ್ನ ಮುಂದಿಟ್ಟಳು. ಭಾರತದ ಅತಿ ದೊಡ್ಡ ಸರೋವರ ಯಾವುದು? ಒಂದರಲ್ಲಿ ಚಿಲಿಕಾ, ಇನ್ನೊಂದರಲ್ಲಿ ವೆಂಬನಾಡ್. "ಯಾವುದಕ್ಕೆ ಟಿಕ್ ಹಾಕಲಿ ಮಿಸ್?" ಎಂದಳು. ಒಂದು ಅಂಕಕ್ಕೆ ಕೆಲಸ ಕೈತಪ್ಪುವ ಕಾಲ ಇದು. ಅವಳ ಆತಂಕ ಸುಮ್ನೆ ಅಲ್ಲ.

ಒಡಿಶಾದ ಚಿಲಿಕಾ ಮಳೆಗಾಲದಲ್ಲಿ ಸುಮಾರು 1,165 ಚದರ ಕಿ.ಮೀ. ಹರಡುತ್ತದೆ, ಬೇಸಿಗೆಯಲ್ಲಿ 906ಕ್ಕೆ ಇಳಿಯುತ್ತದೆ. ಕೇರಳದ ವೆಂಬನಾಡ್‌ಗೆ ರಾಮ್ಸಾರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿ, 1,512 ಚದರ ಕಿ.ಮೀ. ಎಂದಿದೆ. ಆದರೆ ಅದರಲ್ಲಿ ತ್ರಿಶೂರಿನ ಕಡೆಯ ಕೋಲ್ ಗದ್ದೆಗಳೂ ಸೇರಿವೆ. ನೀರನ್ನೂ ಗದ್ದೆಯನ್ನೂ ಒಟ್ಟು ಮಾಡಿ ಬರೀ ನೀರಿನ ಜೊತೆ ಹೋಲಿಸಿದರೆ ಹೇಗೆ?

ಅತಿ ದೊಡ್ಡ ಸಿಹಿನೀರಿನ ಸರೋವರ ಯಾವುದು ಎಂಬ ಪ್ರಶ್ನೆ ಇನ್ನೂ ಗೋಜಲು. ಎಲ್ಲ ಗೈಡುಗಳೂ ಕಾಶ್ಮೀರದ ವುಲರ್ ಎನ್ನುತ್ತವೆ. ವುಲರ್ ಮತ್ತು ಮಣಿಪುರದ ಲೋಕ್ತಕ್ ಎರಡೂ 1990ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದವು. ಆ ಪಟ್ಟಿಯಲ್ಲಿ ವುಲರ್ 189 ಚದರ ಕಿ.ಮೀ., ಲೋಕ್ತಕ್ 266. ಆಂಧ್ರದ ಕೊಲ್ಲೇರು 901! ಝೇಲಂ ನದಿ ತುಂಬಿ ಬಂದಾಗ ವುಲರ್ ಹಿಗ್ಗುತ್ತದೆ, ನದಿ ಇಳಿದಾಗ ಕುಗ್ಗುತ್ತದೆ. ಯಾವ ತಿಂಗಳು ಅಳೆದದ್ದು ಅಂತ ಹೇಳದಿದ್ದರೆ ಆ ಅಂಕಿಗೆ ಅರ್ಥವೇ ಇಲ್ಲ. ನಮ್ಮ ಸೂಳೆಕೆರೆ ನೋಡಿ ಬೆಳೆದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಈ ಏರಿಳಿತ ನಿಂತರೆ ಏನಾಗುತ್ತದೆ ಎಂಬುದಕ್ಕೆ ಲೋಕ್ತಕ್ಕೇ ಸಾಕ್ಷಿ. ಅಲ್ಲಿ ಹುಲ್ಲು, ಬೇರು, ಮಣ್ಣು ಹೆಣೆದುಕೊಂಡ ದಪ್ಪ ಹಾಸುಗಳು ನೀರಿನ ಮೇಲೆ ತೇಲುತ್ತವೆ. ಫುಮ್ಡಿ ಅಂತಾರೆ. ಮೊದಲು ಬೇಸಿಗೆಯಲ್ಲಿ ನೀರು ಇಳಿದಾಗ ಅವು ತಳ ಮುಟ್ಟುತ್ತಿದ್ದವು. ಬೇರುಗಳು ಕೆಸರಿನಿಂದ ಸಾರ ಹೀರಿಕೊಳ್ಳುತ್ತಿದ್ದವು. 1983ರಲ್ಲಿ ವಿದ್ಯುತ್ತಿಗಾಗಿ ಇಥಾಯ್ ಬ್ಯಾರೇಜ್ ಬಂತು, ವರ್ಷವಿಡೀ ನೀರು ಮೇಲೆಯೇ ನಿಂತಿತು. ಸರೋವರದ ಮೇಲೇ ಇರುವ ಕೈಬುಲ್ ಲಾಮ್ಜಾವೊ ರಾಷ್ಟ್ರೀಯ ಉದ್ಯಾನದಲ್ಲಿ ಫುಮ್ಡಿ ತೆಳುವಾಗುತ್ತಾ ಬಂತು. ಸಂಗಾಯ್ ಜಿಂಕೆಗೆ ಕಾಡಿನಲ್ಲಿ ಇರುವ ನೆಲೆ ಅದೊಂದೇ. ಜಿಂಕೆಯ ಭಾರ ತಡೆಯುವಷ್ಟು ದಪ್ಪದ ಹಾಸು ಕಮ್ಮಿಯಾಗಿದೆ. ವಿಸ್ತೀರ್ಣದ ಕಾಲಂನಲ್ಲಿ ಇದು ಕಾಣುವುದೇ ಇಲ್ಲ.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರಲ್ಲಿ, ಗೈಡ್ ಅಚ್ಚು ಹಾಕಿಸುವವರಲ್ಲಿ ನನ್ನ ವಿನಂತಿ ಇಷ್ಟೇ. ಮಳೆಗಾಲದ ಅಳತೆ, ಬೇಸಿಗೆಯ ಅಳತೆ ಎರಡನ್ನೂ ಕೊಡಿ. ಯಾವ ವರ್ಷದ್ದು, ಬರೀ ನೀರೋ ಸುತ್ತಲಿನ ಜೌಗು ಸೇರಿಯೋ ಅಂತ ಬರೆಯಿರಿ. ಎರಡು ಉತ್ತರ ಬರುವ ಪ್ರಶ್ನೆ ಬಿಟ್ಟುಬಿಡಿ. ಬೇಕಾದರೆ ಫುಮ್ಡಿ ಯಾಕೆ ತೆಳುವಾಯಿತು ಅಂತ ಕೇಳಿ. ನಮ್ಮ ಮಕ್ಕಳು ಬರೆಯುತ್ತಾರೆ.

— ಭೂಗೋಳ ಶಿಕ್ಷಕಿ, ಚನ್ನಗಿರಿ