ಖುಲಾಸೆಯಾದವರನ್ನು ಕೊಲೆಗಾರ ಎನ್ನಬೇಡಿ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಕ್ಲಾಸ್ ಫಾನ್ ಬ್ಯೂಲೋ ಪ್ರಕರಣದ ಬಗ್ಗೆ ಬಂದ ಲೇಖನ ಓದಿದೆ. ಅಮೆರಿಕದ ನ್ಯೂಪೋರ್ಟ್‌ನ ಬಂಗಲೆ, ಆಗರ್ಭ ಶ್ರೀಮಂತೆ ಹೆಂಡತಿ ಸನ್ನಿ, ಗಂಡನ ಪ್ರೇಯಸಿ, ಕಪ್ಪು ಚೀಲದಲ್ಲಿ ಸಿಕ್ಕ ಸೂಜಿ, ಎಲ್ಲವನ್ನೂ ಬಿಡಿಸಿ ಬರೆದಿದ್ದೀರಿ. ಆದರೆ ಕೊನೆಯಲ್ಲಿ ಫಾನ್ ಬ್ಯೂಲೋ ಅವರನ್ನು ‘ದುಡ್ಡಿನ ಬಲದಿಂದ ಪಾರಾದ ಕೊಲೆಗಾರ’ ಎಂದದ್ದು ನನಗೆ ತುಂಬಾ ಬೇಸರ ತಂದಿತು.

ಇನ್ಸುಲಿನ್ ಚುಚ್ಚಿ ಹೆಂಡತಿಯನ್ನು ಎರಡು ಸಲ ಕೊಲ್ಲಲು ನೋಡಿದ್ದರು ಎಂಬುದು ಅವರ ಮೇಲಿದ್ದ ಆರೋಪ. 1982ರಲ್ಲಿ ಜ್ಯೂರಿ (ತೀರ್ಪು ಹೇಳುವ ಸಾಮಾನ್ಯ ನಾಗರಿಕರ ಮಂಡಳಿ) ತಪ್ಪಿತಸ್ಥ ಎಂದಿತು, 30 ವರ್ಷ ಶಿಕ್ಷೆಯಾಯಿತು. 1984ರಲ್ಲಿ ನ್ಯೂಪೋರ್ಟ್ ಇರುವ ರೋಡ್ ಐಲೆಂಡ್ ರಾಜ್ಯದ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಯಾಕೆ ಎಂಬುದಕ್ಕೆ ನಿಮ್ಮ ಲೇಖನದಲ್ಲಿ ಒಂದೇ ಸಾಲು! ಸನ್ನಿಯವರ ಮೊದಲ ಮದುವೆಯ ಮಕ್ಕಳು ಒಬ್ಬ ವಕೀಲರನ್ನು ನೇಮಿಸಿಕೊಂಡಿದ್ದರು. ಮನೆಗೆಲಸದಾಕೆ ಮತ್ತಿತರರು ಹೇಳಿದ್ದನ್ನು ಆ ವಕೀಲರು ಮೊದಲೇ ಬರೆದಿಟ್ಟುಕೊಂಡಿದ್ದರು. ಆ ಟಿಪ್ಪಣಿಗಳನ್ನು ಆರೋಪಿಯ ಕಡೆಯವರಿಗೆ ಕೊಟ್ಟಿರಲೇ ಇಲ್ಲ. ಚೀಲದಲ್ಲಿದ್ದ ಮಾತ್ರೆಗಳನ್ನೂ ಪೊಲೀಸರು ವಾರಂಟ್ ಇಲ್ಲದೆ ಪರೀಕ್ಷೆಗೆ ಕಳಿಸಿದ್ದರು. ಮೇಲ್ಮನವಿಯನ್ನು ನಡೆಸಿದವರು ಹಾರ್ವರ್ಡ್‌ನ ಪ್ರಾಧ್ಯಾಪಕ ಅಲನ್ ಡರ್ಶೋವಿಟ್ಜ್. 1985ರಲ್ಲಿ ಪ್ರಾವಿಡೆನ್ಸ್‌ನಲ್ಲಿ ಮರುವಿಚಾರಣೆ ನಡೆಯಿತು. ಸನ್ನಿಯವರ ಸ್ಥಿತಿಗೆ ಇನ್ಸುಲಿನ್ ಕಾರಣವಲ್ಲ ಎಂದು ತಜ್ಞ ವೈದ್ಯರು ಸಾಕ್ಷಿ ಹೇಳಿದರು. ಜೂನ್‌ನಲ್ಲಿ ಜ್ಯೂರಿ ಅವರನ್ನು ಖುಲಾಸೆ ಮಾಡಿತು.

ದುಡ್ಡಿದ್ದದ್ದರಿಂದಲೇ ಅಂಥ ವಕೀಲರು ಸಿಕ್ಕರು, ಒಪ್ಪುತ್ತೇನೆ. ಬಡವನಾಗಿದ್ದರೆ ಆ ಟಿಪ್ಪಣಿ ಕೇಳುವವರೇ ಇರುತ್ತಿರಲಿಲ್ಲವೇನೋ. ಸಿಟ್ಟು ಬರಬೇಕಾದದ್ದು ಅದಕ್ಕೆ ಅಲ್ವಾ? ತನ್ನ ಮೇಲಿನ ಸಾಕ್ಷ್ಯವನ್ನು ಪೂರ್ತಿ ನೋಡುವ ಹಕ್ಕು ನಮ್ಮ ಜೈಲುಗಳಲ್ಲಿರುವ ವಿಚಾರಣಾಧೀನ ಕೈದಿಗೂ ಬೇಕು. ಅದನ್ನು ಬಿಟ್ಟು, ಕೋರ್ಟ್ ನಿರ್ದೋಷಿ ಎಂದವರ ಮೇಲೆ ಸುಮ್ನೆ ಕೊಲೆಗಾರ ಎಂಬ ಹಣೆಪಟ್ಟಿ ಹಚ್ಚುವುದು ಯಾವ ನ್ಯಾಯ?

ಇನ್ನೊಂದು ಮಾತು. ಲೇಖನ ಓದಿದರೆ ಸನ್ನಿ 1980ರಲ್ಲೇ ತೀರಿಕೊಂಡರು ಅನಿಸುತ್ತದೆ. ಆ ಡಿಸೆಂಬರ್‌ನಲ್ಲಿ ಪ್ರಜ್ಞೆ ತಪ್ಪಿ ಬಿದ್ದವರು ಮತ್ತೆ ಎಚ್ಚರಗೊಳ್ಳದೆ ಸುಮಾರು 28 ವರ್ಷ ಬದುಕಿದ್ದರು. ತೀರಿಕೊಂಡದ್ದು 2008ರ ಡಿಸೆಂಬರ್‌ನಲ್ಲಿ. ಅಮ್ಮನ ಹೆಸರಿನಲ್ಲಿ ಮಕ್ಕಳು ಅಪರಾಧಕ್ಕೆ ಬಲಿಯಾದವರ ಪರ ಸಂಸ್ಥೆಯೊಂದನ್ನು ಕಟ್ಟಿದರು. ಗಂಡನ ಸೂಟು, ಸಿಗರೇಟಿನ ವರ್ಣನೆಗೆ ಕೊಟ್ಟ ಜಾಗದಲ್ಲಿ ಸ್ವಲ್ಪವನ್ನಾದರೂ ಇದಕ್ಕೆ ಕೊಡಬಹುದಿತ್ತು.

ಮುಂದಿನ ವಾರದ ಪುರವಣಿಯಲ್ಲಿ ಈ ಎರಡೂ ತಪ್ಪುಗಳಿಗೆ ದಯವಿಟ್ಟು ತಿದ್ದುಪಡಿ ಹಾಕಿ.

— ಒಬ್ಬ ಓದುಗ, ಶಿವಮೊಗ್ಗ