ಕೆಲಸ ನಿಲ್ಲಿಸಿ ಎನ್ನಬೇಡಿ, ತಾರೀಕು ಕೇಳಿ

ಮಾಲ್ಡನ್, ಬಾಸ್ಟನ್ ಹತ್ತಿರ
ಜನವರಿ 2025

ತೀರ್ಥರೂಪು ಅಪ್ಪಾಜಿಯವರಿಗೆ,

ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮ. ಅಮ್ಮನ ಮಂಡಿ ನೋವು ಕಡಿಮೆಯಾಗಿದೆ ಎಂದು ಅಣ್ಣ ತಿಳಿಸಿದ, ಮನಸ್ಸಿಗೆ ಸಮಾಧಾನವಾಯಿತು.

ಭಾನುವಾರ ಫೋನಿನಲ್ಲಿ ನೀವು ನಮ್ಮ ಬೀದಿಯ ಸಂಗತಿ ಹೇಳಿದಿರಿ. ಹಳೆಯ ಒಳಚರಂಡಿ ಪೈಪು ತೆಗೆದು ಹೊಸದು ಹಾಕಲು ರಸ್ತೆ ಅಗೆಯುತ್ತಾರೆ, ಬೀದಿಯವರೆಲ್ಲ ಸೇರಿ ಕೆಲಸ ನಿಲ್ಲಿಸುವಂತೆ ಮನವಿ ಬರೆಯುತ್ತಿದ್ದಾರೆ, ಮೊದಲ ಸಹಿ ನಿಮ್ಮದೇ ಆಗಬೇಕೆಂದು ಪಟ್ಟು ಹಿಡಿದಿದ್ದಾರೆ. ‘ನಿಮ್ಮ ಊರಲ್ಲಿ ರೈಲು ತಿಂಗಳಿಡೀ ನಿಂತಾಗ ಜನ ಏನು ಮಾಡಿದರು?’ ಎಂದು ಕೇಳಿದಿರಿ. ಫೋನಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲ, ಅದಕ್ಕೇ ಈ ಕಾಗದ.

ಬಾಸ್ಟನ್ನಿನ ನೆಲದಡಿಯ ರೈಲು ಅಮೆರಿಕದಲ್ಲೇ ಎಲ್ಲಕ್ಕಿಂತ ಹಳೆಯದು. ಮೊದಲ ಸುರಂಗ 1897ರಲ್ಲಿ ತೆರೆಯಿತು. ನಮ್ಮ ಮಾಲ್ಡನ್ ಮೂಲಕ ಹೋಗುವುದು ಆರೆಂಜ್ ಲೈನ್. ಓಕ್ ಗ್ರೋವ್‌ನಿಂದ ಫಾರೆಸ್ಟ್ ಹಿಲ್ಸ್‌ವರೆಗೆ ಸುಮಾರು 18 ಕಿಲೋಮೀಟರ್, 20 ನಿಲ್ದಾಣಗಳು. 2022ರ ಜುಲೈ 21ರ ಬೆಳಿಗ್ಗೆ ಈ ಮಾರ್ಗದ ಒಂದು ರೈಲಿಗೆ ಮಿಸ್ಟಿಕ್ ನದಿಯ ಸೇತುವೆಯ ಮೇಲೆಯೇ ಬೆಂಕಿ ಹತ್ತಿಕೊಂಡಿತು. ಬೋಗಿಯ ಪಕ್ಕದ ಲೋಹದ ಪಟ್ಟಿಯೊಂದು ಕಳಚಿ, ವಿದ್ಯುತ್ ಹರಿಯುವ ಮೂರನೇ ಹಳಿಗೆ ತಾಗಿತ್ತು. ಒಳಗೆ ಸುಮಾರು 200 ಜನರಿದ್ದರು. ಕೆಲವರು ಕಿಟಕಿಗಳಿಂದ ಹೊರಗೆ ಬಂದರು, ಒಬ್ಬ ಮಹಿಳೆ ನದಿಗೇ ಹಾರಿದರು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಅದೇ ವರ್ಷದ ಏಪ್ರಿಲ್‌ನಲ್ಲಿ ರೆಡ್ ಲೈನ್ ಎಂಬ ಇನ್ನೊಂದು ಮಾರ್ಗದ ರೈಲಿನ ಬಾಗಿಲಿಗೆ ಕೈ ಸಿಕ್ಕಿಕೊಂಡು ಒಬ್ಬ ಪ್ರಯಾಣಿಕ ತೀರಿಕೊಂಡಿದ್ದ. ಕೇಂದ್ರ ಸರ್ಕಾರದ ಸಾರಿಗೆ ಸುರಕ್ಷತೆಯ ಅಧಿಕಾರಿಗಳು ಆಗಲೇ ತಪಾಸಣೆಗೆ ಇಳಿದಿದ್ದರು.

ಆಗಸ್ಟ್ 3ರಂದು ರಾಜ್ಯದ ಗವರ್ನರ್ ಪ್ರಕಟಣೆ ಹೊರಡಿಸಿದರು. 19ರ ರಾತ್ರಿಯಿಂದ ಮೂವತ್ತು ದಿನ ಆರೆಂಜ್ ಲೈನ್ ಪೂರ್ತಿ ಬಂದ್. ರಾತ್ರಿ ಮತ್ತು ವಾರಾಂತ್ಯಗಳಲ್ಲಿ ಮಾಡಿದರೆ ಐದು ವರ್ಷ ಹಿಡಿಯುವ ಕೆಲಸವನ್ನು ಒಂದೇ ತಿಂಗಳಲ್ಲಿ ಮುಗಿಸುತ್ತೇವೆ ಎಂದರು. ಇಡೀ ನಗರಕ್ಕೆ ಸಿಕ್ಕಿದ್ದು ಹದಿನಾರು ದಿನದ ಕಾಲಾವಕಾಶ.

ಜನ ಸಿಡಿದೆದ್ದರು. ಆ ಸಿಟ್ಟು ನ್ಯಾಯವಾದದ್ದು ಎಂದು ನಾನು ಇಂದಿಗೂ ಹೇಳುತ್ತೇನೆ. ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ ಮಾಡುವವರು, ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವರು, ಶಾಲೆ ಶುರುವಾಗುವ ಹೊತ್ತಿನಲ್ಲಿ ಮಕ್ಕಳನ್ನು ಹೇಗೆ ಕಳುಹಿಸುವುದೆಂದು ತಿಳಿಯದ ತಾಯಂದಿರು, ಇವರಿಗೆಲ್ಲ ಅರ್ಧ ಗಂಟೆ ತಡವೆಂದರೆ ಅರ್ಧ ದಿನದ ಸಂಬಳಕ್ಕೆ ಕತ್ತರಿ. ಮನೆಯಿಂದಲೇ ಕೆಲಸ ಮಾಡಿ ಎಂಬ ಸಲಹೆ ಕಂಪ್ಯೂಟರಿನ ಮುಂದೆ ಕೂರುವವರಿಗೆ ಸರಿ. ನೆಲ ಒರೆಸುವವರು, ಅಡುಗೆ ಮಾಡುವವರು ಮನೆಯಲ್ಲಿ ಕೂತರೆ ಹೊಟ್ಟೆಗೇನು?

ಎಲ್ಲಕ್ಕಿಂತ ನನ್ನ ಮನಸ್ಸಿಗೆ ತಟ್ಟಿದ್ದು ಚೀನೀ ಮೂಲದವರ ಬಡಾವಣೆಯಾದ ಚೈನಾಟೌನ್ ಜನರ ಹೋರಾಟ. ರೈಲಿನ ಬದಲು ಬಿಟ್ಟ ಬಸ್ಸುಗಳು ಉತ್ತರದಲ್ಲಿ ಓಕ್ ಗ್ರೋವ್ ಕಡೆಗೂ ದಕ್ಷಿಣದಲ್ಲಿ ಫಾರೆಸ್ಟ್ ಹಿಲ್ಸ್ ಕಡೆಗೂ ಓಡುತ್ತವೆ, ನಡುವೆ ಗ್ರೀನ್ ಲೈನ್ ರೈಲು ಹಿಡಿಯಿರಿ ಎಂಬುದು ಮೊದಲ ಯೋಜನೆ. ನಡುವಿನ ಚೈನಾಟೌನ್ ನಿಲ್ದಾಣಕ್ಕೂ ಅದರ ಪಕ್ಕದ ದೊಡ್ಡ ಆಸ್ಪತ್ರೆಯ ನಿಲ್ದಾಣಕ್ಕೂ ಈ ಬದಲಿ ಬಸ್ಸೇ ಇರಲಿಲ್ಲ. ಅಲ್ಲಿರುವವರಲ್ಲಿ ವಯಸ್ಸಾದವರು ಬಹಳ, ಎಷ್ಟೋ ಜನರಿಗೆ ಇಂಗ್ಲಿಷ್ ಬರುವುದಿಲ್ಲ. ಅವರು ‘ರೈಲು ನಿಲ್ಲಿಸಬೇಡಿ’ ಎನ್ನಲಿಲ್ಲ. ನಮ್ಮನ್ನು ಏಕೆ ಕೇಳಲಿಲ್ಲ, ನಮ್ಮ ಭಾಷೆಯಲ್ಲಿ ಏಕೆ ಹೇಳಲಿಲ್ಲ ಎಂದು ಕೇಳಿದರು. ಕೊನೆಗೆ ಬೆಳಗಿನ ಜಾವ ಮತ್ತು ರಾತ್ರಿಯ ಹೊತ್ತಿಗೆ ಬಸ್ಸು ಬಂತು. ಕೇಳಿದ್ದಷ್ಟು ಸಿಗಲಿಲ್ಲ, ಕೇಳಿದ್ದರಿಂದಲೇ ಅಷ್ಟಾದರೂ ಸಿಕ್ಕಿತು.

ರೈಲು ನಿಲ್ಲಿಸದೆ ದುರಸ್ತಿ ಆಗದೇ ಎಂದು ನೀವು ಕೇಳಬಹುದು. ಇಲ್ಲಿ ಕೊನೆಯ ರೈಲು ನಿಲ್ಲುವುದು ರಾತ್ರಿ ಸುಮಾರು ಒಂದಕ್ಕೆ, ಮೊದಲನೆಯದು ಹೊರಡುವುದು ಬೆಳಗಿನ ಐದರ ಸುಮಾರಿಗೆ. ಆ ನಡುವೆ ಮೂರನೇ ಹಳಿಯ 600 ವೋಲ್ಟ್ ವಿದ್ಯುತ್ ತೆಗೆಯಬೇಕು, ಯಂತ್ರಗಳನ್ನು ಸುರಂಗಕ್ಕೆ ಸಾಗಿಸಬೇಕು, ಮತ್ತೆ ಹೊರಗೆ ತಂದು ಹಳಿ ಪರೀಕ್ಷಿಸಬೇಕು. ಕೈಯಾಡಿಸಲು ಉಳಿಯುವುದು ಎರಡು ಗಂಟೆಯೂ ಕಷ್ಟ. ಅಷ್ಟರಲ್ಲಿ ಹಳಿಯಡಿಯ ಅಡ್ಡಪಟ್ಟಿ, ಅಂದರೆ ಸ್ಲೀಪರ್, ನಾಲ್ಕು ಬದಲಾಯಿಸಬಹುದು, ಇಡೀ ಹಳಿ ಕಿತ್ತು ಹಾಕಲಾಗುವುದಿಲ್ಲ. ಭದ್ರಾ ನಾಲೆಯ ಹೂಳು ತೆಗೆಯಬೇಕಾದರೆ ನೀರು ನಿಲ್ಲಿಸಲೇಬೇಕಲ್ಲ, ಹಾಗೆ. ಮಲೇಬೆನ್ನೂರಿನ ಕೊನೆ ಭಾಗದ ಗದ್ದೆಗೆ ನೀರು ಬರಬೇಕಾದರೆ ಮೇಲಿನ ನಾಲೆ ಸರಿಯಿರಬೇಕು ಎಂದು ನೀವೇ ಎಷ್ಟು ಸಲ ಹೇಳಿದ್ದೀರಿ. ರೈತ ಅದಕ್ಕೆ ಒಪ್ಪುತ್ತಾನೆ. ನೀರು ಎಂದು ನಿಲ್ಲುತ್ತದೆ, ಎಂದು ಬರುತ್ತದೆ ಎಂದು ತಿಳಿಯದಿದ್ದರೆ ಮಾತ್ರ ಸಸಿಮಡಿ ಹಾಕುವುದೋ ಬಿಡುವುದೋ ಎಂದು ಒದ್ದಾಡುತ್ತಾನೆ.

ಹೇಳಿದ ದಿನವೇ, ಸೆಪ್ಟೆಂಬರ್ 19ರಂದು, ರೈಲು ಓಡಿತು. ಆದರೆ ಎಷ್ಟೋ ಕಡೆ ಮೊದಲಿಗಿಂತ ನಿಧಾನವಾಗಿ! ತಿಂಗಳಿಡೀ ಬಸ್ಸಿನಲ್ಲಿ ನಿಂತು ಸಹಿಸಿಕೊಂಡಿದ್ದ ಜನರ ನಂಬಿಕೆ ಒಡೆದದ್ದು ಅಲ್ಲಿ. 2023ರ ಮಾರ್ಚ್‌ನಲ್ಲಿ ಹಳಿ ತಪಾಸಣೆಯ ದಾಖಲೆಗಳೇ ಸರಿಯಿಲ್ಲವೆಂದು ಎಲ್ಲ ಮಾರ್ಗಗಳ ವೇಗವನ್ನೂ ತಗ್ಗಿಸಿದರು. ಮಾರ್ಗ ಮುಚ್ಚಿದಾಗ ಬಂದ ಸಿಟ್ಟಿಗಿಂತ ಈ ಸಿಟ್ಟು ಹೆಚ್ಚಾಗಿತ್ತು. ಕಷ್ಟವನ್ನು ಜನ ತಡೆದುಕೊಳ್ಳುತ್ತಾರೆ ಅಪ್ಪಾಜಿ, ಕಷ್ಟಪಟ್ಟಿದ್ದು ದಂಡವಾಯಿತು ಎನ್ನಿಸಿದರೆ ತಡೆದುಕೊಳ್ಳುವುದಿಲ್ಲ.

2023ರ ಏಪ್ರಿಲ್‌ನಲ್ಲಿ ಫಿಲಿಪ್ ಎಂಗ್ ಎಂಬ ಎಂಜಿನಿಯರ್ ಇಲ್ಲಿನ ರೈಲು ಸಂಸ್ಥೆಯ ಮುಖ್ಯಸ್ಥರಾಗಿ ಬಂದರು. ನ್ಯೂಯಾರ್ಕಿನಲ್ಲಿ ರೈಲು ನಡೆಸಿದ ಅನುಭವದವರು. ಅವರೂ ಮಾರ್ಗಗಳನ್ನು ಮುಚ್ಚಿಯೇ ಕೆಲಸ ಮಾಡಿಸಿದರು. ಆದರೆ 2023ರ ನವೆಂಬರ್‌ನಲ್ಲೇ ಮುಂದಿನ ಇಡೀ ವರ್ಷದ ಪಟ್ಟಿ ಕೊಟ್ಟರು: ಯಾವ ಮಾರ್ಗ, ಯಾವ ನಿಲ್ದಾಣದಿಂದ ಯಾವ ನಿಲ್ದಾಣ, ಯಾವ ತಿಂಗಳು. ಒಂದೊಂದು ಮುಚ್ಚುವಿಕೆ ಮುಗಿದಾಗಲೂ ರೈಲು ನಿಧಾನವಾಗಿ ಹೋಗಲೆಂದು ಹಾಕಿದ್ದ ವೇಗಮಿತಿಯನ್ನು ಎಷ್ಟು ಕಡೆ ತೆಗೆದೆವು ಎಂದು ಲೆಕ್ಕ ಒಪ್ಪಿಸಿದರು. ಕಳೆದ ತಿಂಗಳು ಕೊನೆಯ ವೇಗಮಿತಿಯೂ ಹೋಯಿತು. ಇಪ್ಪತ್ತು ವರ್ಷಗಳಲ್ಲಿ ಇದೇ ಮೊದಲಂತೆ. ಮುಚ್ಚಿದಾಗ ಗೊಣಗಿದವರು ಈಗಲೂ ಇದ್ದರು. ಆದರೆ ನಿಲ್ದಾಣದ ಗೋಡೆಗೆ ಅಂಟಿಸಿದ ತಾರೀಕಿನ ಹಾಳೆಯನ್ನು ಓದಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡು, ಸುಮ್ಮನೆ ಬಸ್ಸಿನ ಸಾಲಿಗೆ ಹೋಗಿ ನಿಲ್ಲುವವರನ್ನು ನಾನು ಕಣ್ಣಾರೆ ನೋಡಿದೆ.

ವಾಷಿಂಗ್ಟನ್ನಿನದು ಇನ್ನೊಂದು ಬಗೆ. 2016ರ ಮಾರ್ಚ್ 15ರ ಸಂಜೆ ಹೇಳಿ, ಆ ಮಧ್ಯರಾತ್ರಿಯಿಂದಲೇ ಇಡೀ ಮೆಟ್ರೊ ನಿಲ್ಲಿಸಿದರು. ಕಾಲಾವಕಾಶವೇ ಇಲ್ಲ. ಆದರೂ ತಪಾಸಣೆಯಲ್ಲಿ 26 ಕಡೆ ವಿದ್ಯುತ್ ಕೇಬಲ್ ಹಾಳಾಗಿದ್ದು ಸಿಕ್ಕಿತು, ಮೂರು ಕಡೆಯಂತೂ ರೈಲು ಓಡಿಸಲೇಬಾರದ ಸ್ಥಿತಿ ಎಂದು ಬಿಚ್ಚಿ ಹೇಳಿದ ಮೇಲೆ, ನಿಲ್ಲಿಸಿದ್ದು ತಪ್ಪೆಂದು ವಾದಿಸುವುದು ಕಷ್ಟವಾಯಿತು.

ನಮ್ಮ ಬೀದಿಗೆ ಬರುತ್ತೇನೆ. ಮಳೆ ಜೋರಾದಾಗ ಮ್ಯಾನ್‌ಹೋಲ್ ಉಕ್ಕಿ ಕೊಳಚೆ ನೀರು ಮೆಟ್ಟಿಲವರೆಗೆ ಬರುವುದನ್ನು ಅಮ್ಮ ಪೊರಕೆ ಹಿಡಿದು ತಳ್ಳಿದ್ದಾಳೆ. ಆ ಪೈಪು ಹೋಗಲೇಬೇಕು. ಆದ್ದರಿಂದ ‘ಕೆಲಸ ನಿಲ್ಲಿಸಿ’ ಎಂಬ ಮನವಿಗೆ ದಯವಿಟ್ಟು ಸಹಿ ಹಾಕಬೇಡಿ. ಅದನ್ನು ತಿದ್ದಿಸಿ. ಶುರುವಾಗುವ ದಿನ, ಮುಗಿಯುವ ದಿನ ಎರಡನ್ನೂ ಕನ್ನಡದಲ್ಲಿ ದೊಡ್ಡದಾಗಿ ಬರೆದು ಬೀದಿಯ ಎರಡೂ ತುದಿಯಲ್ಲಿ ಬೋರ್ಡು ಹಾಕಲಿ. ಯಾರ ಮನೆಯ ಸಂಪರ್ಕ ಯಾವ ದಿನ ಕತ್ತರಿಸುತ್ತಾರೆಂದು ಮನೆಮನೆಗೆ ಬಂದು ಹೇಳಲಿ. ಒಂದು ಪಕ್ಕ ಮುಚ್ಚಿದ ಮೇಲೆಯೇ ಇನ್ನೊಂದು ಪಕ್ಕ ಅಗೆಯಲಿ, ಗುಂಡಿಯ ಸುತ್ತ ಬೇಲಿ ಕಟ್ಟಿ ರಾತ್ರಿ ದೀಪ ಇಡಲಿ. ಮೂಲೆ ಮನೆಯ ಅಜ್ಜಿಗೆ ವಾರಕ್ಕೆರಡು ಸಲ ಡಯಾಲಿಸಿಸ್ ಇದೆಯಲ್ಲ, ಅವರ ಬಾಗಿಲವರೆಗೆ ಆಟೊ ಬರುವಷ್ಟು ದಾರಿಯನ್ನು ಎಂದೂ ಮುಚ್ಚಬಾರದು. ಇದನ್ನು ಮನವಿಯಲ್ಲಿ ಮೊದಲಿಗೇ ಬರೆಸಿ. ಮಣ್ಣು ಕೂರುವಂತೆ ರೋಲರ್ ಹೊಡೆದು ಡಾಂಬರು ಹಾಕಿದ ಮೇಲೆಯೇ ಕೆಲಸ ಮುಗಿದಂತೆ ಎಂಬುದೂ ಇರಲಿ.

ಹೀಗೆ ಬರೆದರೆ ಮೊದಲ ಸಹಿ ನಿಮ್ಮದೇ ಆಗಲಿ. ಕೊಡುವ ಮುನ್ನ ಒಂದು ಪ್ರತಿಯನ್ನು ಅಣ್ಣನ ಮೊಬೈಲಿನಿಂದ ನನಗೂ ಕಳುಹಿಸಿ, ಓದಿ ಅಂದೇ ಫೋನ್ ಮಾಡುತ್ತೇನೆ. ಅಗೆತ ಶುರುವಾದ ಮೇಲೆ ಅಮ್ಮ ಕತ್ತಲಲ್ಲಿ ಹೊರಗೆ ಹೋಗದಂತೆ ನೋಡಿಕೊಳ್ಳಿ.

ಇಂತಿ ನಿಮ್ಮ ಪ್ರೀತಿಯ
ಮಗಳು